ಟರ್ಕಿ ಕೋಳಿಗೆ ಬಿತ್ತಿದ ಗುಡ್ಡ

ನಾನು ಚಿಕ್ಕವಳಿದ್ದಾಗ ನಮ್ಮ ಸನ್ನಿವೇಲ್ ಮನೆಯ ಸುತ್ತ ಇನ್ನೂ ಹಣ್ಣಿನ ತೋಟಗಳಿದ್ದವು. ಆದರೆ ಅಪ್ಪನ ಕಣ್ಣೆಲ್ಲ ಲಿವರ್‌ಮೋರ್ ಆಚೆಯ ಒಂದು ಗುಡ್ಡದ ಮೇಲೆ. ಮಂಡ್ಯದ ಕಡೆ ಕೌಜುಗದ ಹಕ್ಕಿಗಳನ್ನು ಬೇಟೆಯಾಡಿ ಬೆಳೆದು, ಕೆಲಸಕ್ಕೆಂದು ಈ ಪರದೇಶಕ್ಕೆ ಬಂದವನು ಅಪ್ಪ. ವಾರವೆಲ್ಲ ಆಫೀಸಿನಲ್ಲಿ ಕೂತು ಅವನಿಗೆ ಬೇಸರ ಹತ್ತುತ್ತಿತ್ತು. ಆ ಗುಡ್ಡದ ಒಡತಿ ದನ ಸಾಕುತ್ತಿದ್ದ ವಯಸ್ಸಾದ ಹೆಂಗಸು. ಇಳಿಜಾರಿನ ಒಂದು ತುಂಡು ಜಾಗವನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದರು. ಕಾಡು ಟರ್ಕಿ ಕೋಳಿಗಳನ್ನು ಅಲ್ಲಿಗೆ ಬರಮಾಡಿಕೊಂಡು ಬೇಟೆಯಾಡಬೇಕೆಂಬುದು ಅಪ್ಪನ ಆಸೆ.

ಕರೆದ ಮಾತ್ರಕ್ಕೆ ಬರುವ ಹಕ್ಕಿಯಲ್ಲ ಅದು. ಶನಿವಾರ ಬಂದರೆ ಅಪ್ಪ, ಹೈಸ್ಕೂಲಿನಲ್ಲಿದ್ದ ಅಕ್ಕ, ಅವರ ಹಿಂದೆ ಬಾಲದಂತೆ ನಾನು ಗುಡ್ಡ ಹತ್ತುತ್ತಿದ್ದೆವು. ಮುಳ್ಳುಗಿಡ ಕಿತ್ತೆವು. ನವೆಂಬರಿನ ಮೊದಲ ಮಳೆ ಬಿದ್ದು ಮಣ್ಣು ಘಮ್ಮೆಂದಾಗ ಹಕ್ಕಿಗಳ ಮೇವಿಗೆಂದು ಓಟ್ಸ್ ಕಾಳು, ಕ್ಲೋವರ್ ಸೊಪ್ಪಿನ ಬೀಜ ಚೆಲ್ಲಿದೆವು. ಹಕ್ಕಿಗಳು ರಾತ್ರಿ ಕೂರಲೆಂದು ಓಕ್ ಮರಗಳ ಒಂದು ಕೊಂಬೆಯನ್ನೂ ಕಡಿಯಲಿಲ್ಲ. ಬಂಡೆಯ ಕೆಳಗೆ ಜಿನುಗುವ ನೀರು ನಿಲ್ಲಲೆಂದು ಅಕ್ಕ ಒಬ್ಬಳೇ ಗುಂಡಿ ತೋಡಿ ಕಲ್ಲು ಜೋಡಿಸಿದಳು. ಅಂಗೈ ತುಂಬ ಬೊಬ್ಬೆ. ಇಷ್ಟು ಮಾಡಿದರೂ ಎರಡು ವಸಂತ ಒಂದು ಹಕ್ಕಿಯೂ ಸುಳಿಯಲಿಲ್ಲ. ಮುಂದಿನ ವಸಂತಕ್ಕೂ ಬರದಿದ್ದರೆ ಅಲ್ಲಿಗೆ ದನ ಬಿಡುತ್ತೇನೆ ಎಂದು ಒಡತಿ ಹೇಳಿಬಿಟ್ಟರು. ಅವತ್ತು ಅಕ್ಕ ಊಟ ಮಾಡಲಿಲ್ಲ.

ಮೂರನೆಯ ವಸಂತ. ಬೇಟೆಯ ಕಾಲ ಶುರುವಾದ ದಿನ, ಬೆಳಕು ಹರಿಯುವ ಹೊತ್ತಿಗೆ ನಾವು ಓಕ್ ಮರದ ಬುಡಕ್ಕೆ ಒರಗಿ ಕೂತಿದ್ದೆವು. ಇಬ್ಬನಿಗೆ ತೊಯ್ದ ಪ್ಯಾಂಟು ಕಾಲಿಗೆ ಅಂಟಿಕೊಂಡು ಕೊರೆಯುತ್ತಿತ್ತು. ಅಕ್ಕ ಪುಟ್ಟ ಮರದ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಉಜ್ಜಿದಳು. ಥೇಟ್ ಹೆಣ್ಣು ಟರ್ಕಿಯ ಕೂಗು! ಗುಡ್ಡ ಸುಮ್ಮನಿತ್ತು. ಮತ್ತೆ ಉಜ್ಜಿದಳು. ಮೇಲಿನ ಮರಗಳಿಂದ ‘ಗಳಗಳಗಳ’ ಎಂದು ಹುಂಜ ಕೂಗಿತು.

ಮೊದಲು ಎರಡು ಹೆಣ್ಣು ಇಳಿದು ಬಂದು ನಮ್ಮ ಸೊಪ್ಪಿಗೆ ಬಾಯಿ ಹಾಕಿದವು. ಹಿಂದೆಯೇ ಹುಂಜ ಬಂತು, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು. ಬಿಸಿಲಿಗೆ ಅದರ ಗರಿಗಳು ತಾಮ್ರದ ಹಂಡೆಯಂತೆ ಹೊಳೆದವು. ಅಪ್ಪ ಕೋವಿ ಎತ್ತಿದ. ಆದರೆ ಒಂದು ಹೆಣ್ಣು ಹುಂಜದ ಪಕ್ಕ ಬಿಟ್ಟು ಕದಲದು. ವಸಂತದಲ್ಲಿ ಹೆಣ್ಣನ್ನು ಹೊಡೆಯುವಂತಿರಲಿಲ್ಲ.

“ಅಪ್ಪಾ, ಹೋಗ್ಬಿಡತ್ತೆ, ಪ್ಲೀಸ್,” ಅಕ್ಕ ಪಿಸುಗುಟ್ಟಿದಳು.

“ತಡಿಯವ್ವ. ಹೆಣ್ಣಿಗೆ ತಾಕುದ್ರೆ ಮರಿ ಎಲ್ಲಿಂದ ಬಂದಾವು?”

ಅಪ್ಪ ಎತ್ತಿದ ಕೋವಿ ಇಳಿಸಲಿಲ್ಲ. ಹುಂಜ ಬೇಲಿಯ ಕಡೆ ತಿರುಗಿತು. ಅಕ್ಕ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಡಬ್ಬಿ ಉಜ್ಜಿದಳು. ಹುಂಜ ನಿಂತಿತು, ಕತ್ತು ಚಾಚಿತು, ಒಂಟಿಯಾಗಿ ನಮ್ಮತ್ತ ನಡೆದು ಬಂತು.

ಢಂ!

ಅಪ್ಪ ಅದರ ಕತ್ತಿನ ಬುಡದ ಮೇವಿನ ಚೀಲ ಸೀಳಿದಾಗ ಒಳಗೆ ಹಸಿಹಸಿ ಕ್ಲೋವರ್ ಎಲೆ, ಓಟ್ಸಿನ ಎಳೆ ಚಿಗುರು. “ನಮ್ದೇ! ಅಪ್ಪಾ, ಇದು ನಮ್ದೇ ಸೊಪ್ಪು!” ಎಂದು ಅಕ್ಕ ಕುಣಿದಾಡಿದಳು. ಸದ್ದು ಕೇಳಿ ಬಂದ ಒಡತಿ ನೀರಿನ ಗುಂಡಿಯ ಕೆಸರಿನಲ್ಲಿದ್ದ ಹೆಜ್ಜೆಗಳನ್ನು ಬಗ್ಗಿ ನೋಡಿದರು. ಹೆಣ್ಣುಗಳು ಈ ಹುಲ್ಲಿನಲ್ಲೇ ಮೊಟ್ಟೆ ಇಡುತ್ತವೆ, ಮರಿ ಓಡಾಡುವ ತನಕ ಕೊಯ್ಯಬೇಡಿ ಎಂದರು. ದನದ ಮಾತೇ ಎತ್ತಲಿಲ್ಲ.

ಮಾಂಸ ಬೇಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಅಮ್ಮ ಗೊಣಗುತ್ತಲೇ ಕಾಯಿ, ಕೊತ್ತಂಬರಿ, ಲವಂಗ ಅರೆದು ಸಾರು ಮಾಡಿದಳು. ಅಪ್ಪ ಬಿಸಿ ಮುದ್ದೆ ಮುರಿದು ಸಾರಿಗದ್ದಿ ನುಂಗಿದ.

ಈಗ ಕ್ಯುಪರ್ಟಿನೋದಲ್ಲಿ ನನ್ನ ಮೊಮ್ಮಕ್ಕಳ ಬೀದಿಗೆ ಟರ್ಕಿಗಳು ಯಾರೂ ಕರೆಯದೆ ಬರುತ್ತವೆ, ಕಾರುಗಳನ್ನು ನಿಲ್ಲಿಸಿಕೊಂಡು ರಸ್ತೆ ದಾಟುತ್ತವೆ. ಮಕ್ಕಳು ಕಿಟಕಿಯಿಂದ ವಿಡಿಯೋ ತೆಗೆದು ಒಂದೊಂದಕ್ಕೂ ಹೆಸರಿಡುತ್ತಾರೆ. ಈ ಕಥೆ ಕೇಳಿದ ಮೊಮ್ಮಗಳು ಮುಖ ಸಣ್ಣಗೆ ಮಾಡಿಕೊಂಡು, “ಅಜ್ಜಿ, ವರ್ ಯು ಸ್ಯಾಡ್?” ಎಂದಳು.

“ಹೂಂ ಪುಟ್ಟಿ. ಅದರ ರೆಕ್ಕೆ ಇನ್ನೂ ಬೆಚ್ಚಗಿತ್ತು, ಮುಟ್ಟಿ ಅತ್ತುಬಿಟ್ಟೆ. ಆಮೇಲೆ ಎರಡು ಸಲ ಸಾರು ಹಾಕಿಸ್ಕೊಂಡೆ.”

ಅವಳು ನನ್ನನ್ನೇ ದಿಟ್ಟಿಸಿದಳು. “ಬೋತ್?”

“ಎರಡೂ ಕಣೇ. ಅತ್ತಿದ್ದೂ, ಉಂಡಿದ್ದೂ,” ಎಂದೆ.