ಟ್ಯಾಂಕಿಯ ಮುಚ್ಚಳದ ಮೇಲಿನ ಗೂಡು

ಮೊಮ್ಮಗಳು ಹೆತ್ತಳು! ಗಂಡು ಮಗು! ನಿನ್ನೆಯಿಂದ ನಾನು ಕೂತಲ್ಲಿ ಕೂತಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ಕರೆದು ಬೆಲ್ಲ ತಿನ್ನಿಸಿದೆ. ಆದರೆ ಮಗುವನ್ನು ನನ್ನ ಮಡಿಲಿಗೆ ಕೊಟ್ಟಾಗ ಕಣ್ಣೀರು ನಿಲ್ಲಲೇ ಇಲ್ಲ. "ಅಪ್ಪ, ಖುಷಿಯ ಹೊತ್ತಿಗೆ ಎಂತಕ್ಕೆ ಕೂಗುದು ನೀವು?" ಎಂದು ನೀನು ಕೇಳಿದೆ. ಬಾಯಿಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದು ಮಗಳೇ. ನೀನು ಹುಟ್ಟುವುದಕ್ಕೆ ಹದಿನೈದು ದಿನ ಮೊದಲಿನ ಸಂಗತಿ ಇದು.

ಆಗ ಐವರ್ನಾಡಿನಲ್ಲಿ ನಾನು ಧಣಿಗಳ ಹಳೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಯುದ್ಧಕ್ಕಿಂತ ಮೊದಲಿನ ಗಾಡಿ, ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಏಳುವಂಥದ್ದು. ಬೇಸಿಗೆಯಲ್ಲಿ ಎರಡು ವಾರ ನಮ್ಮ ಮನೆಯ ಚಪ್ಪರದಡಿ ಸುಮ್ಮನೆ ನಿಂತಿತ್ತು. ಕುಂಬಾರ ಹುಳು ಬಂದು ಪೆಟ್ರೋಲ್ ಟ್ಯಾಂಕಿಯ ಮುಚ್ಚಳದ ಮೇಲೆ ಮಣ್ಣಿನ ಗೂಡು ಕಟ್ಟಿತು. ಕೆರೆದು ತೆಗೆಯಲು ಹೋದರೆ ನಿನ್ನ ಅಮ್ಮ ಕೈ ಹಿಡಿದಳು.

"ಒಡೀಬೇಡಿ ಮಾರಾಯ್ರೆ! ಬಸುರಿ ಇರುವ ಮನೆಯಲ್ಲಿ ಕುಂಬಾರ ಹುಳು ಗೂಡು ಕಟ್ಟಿದ್ರೆ ಮಗು ಉಳೀತದೆ."

ನಿನಗಿಂತ ಮೊದಲು ಎರಡು ಹುಟ್ಟಿ, ಎರಡೂ ಹೋಗಿದ್ದವು. ಬಿಟ್ಟೆ. ಮುಚ್ಚಳ ತಿರುಗಿಸುವಾಗಲೂ ಗೂಡಿಗೆ ಬೆರಳು ತಾಗದ ಹಾಗೆ ತಿರುಗಿಸುತ್ತಿದ್ದೆ. ಆಮೇಲೆ ಕಾರು ದೂರ ಎಲ್ಲಿಗೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಎಣ್ಣೆ ಅಂಗಡಿಯ ಬ್ಯಾರಿ, ನನ್ನ ಜೀವದ ಗೆಳೆಯ, ಏಳು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ಓಡಿ ಬಂದ. ಹುಡುಗಿಯ ಗಂಟಲು ಬಾತಿತ್ತು. ಉಸಿರು ಎಳೆದರೆ ಸಿಳ್ಳೆಯ ಹಾಗೆ ಸದ್ದು. ಪುತ್ತೂರಿನ ಆಸ್ಪತ್ರೆಗೆ ಹೊರಟೆವು.

ಬೆಳ್ಳಾರೆ ದಾಟಿದ ಮೇಲೆ ಕಾರು ಕೆಮ್ಮಿ ನಿಂತಿತು. ಮುಚ್ಚಳ ತೆಗೆದು ಕೋಲು ಇಳಿಸಿ ನೋಡಿದೆ. ಅರ್ಧ ಟ್ಯಾಂಕಿ ಪೆಟ್ರೋಲ್ ಇದೆ. ಪ್ಲಗ್ಗು ಬಿಚ್ಚಿದರೆ ಕಪ್ಪು ಹಿಡಿದಿತ್ತು. ಉಜ್ಜಿ ಹಾಕಿ ಹ್ಯಾಂಡಲ್ ತಿರುಗಿಸಿದೆ, ಎದ್ದಿತು!

"ಪ್ಲಗ್ಗಿನದ್ದೇ ತೊಂದರೆ ಅದು," ಎಂದೆ.

"ನಿನ್ನ ಕಾರಿಗಿಂತ ಎತ್ತಿನ ಗಾಡಿ ಆಗ್ಬಹುದಿತ್ತು ಮಾರಾಯ," ಎಂದ. ಆಗ ಅವನಿಗೆ ಇನ್ನೂ ತಮಾಷೆ ಮಾಡುವಷ್ಟು ಧೈರ್ಯವಿತ್ತು.

ಮೂರು ಮೈಲು ಹೋಗುವುದರೊಳಗೆ ಮತ್ತೆ ನಿಂತಿತು. ಪೆಟ್ರೋಲ್ ಸೋರಿ ಹೋಯಿತೋ ಎಂದು ಮತ್ತೆ ಮುಚ್ಚಳ ತೆಗೆದು ನೋಡಿದೆ. ಇದೆ. ಕಾರ್ಬುರೇಟರ್ ಬಿಚ್ಚಿ ಬಾಯಲ್ಲಿ ಊದಿದೆ. ಎದ್ದಿತು. ಕಸ ಸಿಕ್ಕಿತ್ತು ಎಂದುಕೊಂಡೆ.

ಮೂರನೇ ಸಲ ನಿಂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೆಟ್ರೋಲ್ ಇರುವುದು ಗೊತ್ತಿದ್ದರಿಂದ ಈ ಸಲ ಮುಚ್ಚಳ ತೆಗೆಯಲಿಲ್ಲ. ಪ್ಲಗ್ಗು ಉಜ್ಜಿದೆ, ಊದಿದೆ, ಅಂಗೈ ಸುಲಿಯುವವರೆಗೆ ಹ್ಯಾಂಡಲ್ ತಿರುಗಿಸಿದೆ. ಏಳಲಿಲ್ಲ. ವಯರ್ ಹಿಡಿದರೆ ಕಿಡಿ ಹಾರುತ್ತದೆ. ಪೆಟ್ರೋಲ್ ಪೈಪ್ ಬಿಚ್ಚಿದರೆ ಒಂದು ಹನಿ ಇಲ್ಲ! ಟ್ಯಾಂಕಿಯಲ್ಲಿರುವ ಪೆಟ್ರೋಲ್ ಪೈಪಿಗೆ ಯಾಕೆ ಬರುವುದಿಲ್ಲ? ಹುಡುಗಿಯ ತುಟಿ ನೀಲಿಯಾಗುತ್ತಿತ್ತು. ಓಡಿ ಹೋಗಿ ಮುಚ್ಚಳ ತಿರುಗಿಸಿದೆ. 'ಹಿಸ್ಸ್' ಎಂದು ಟ್ಯಾಂಕಿ ಗಾಳಿ ಎಳೆದುಕೊಂಡಿತು.

"ನಿಲ್ಲು," ಎಂದ ಬ್ಯಾರಿ ಸೀಟಿನಿಂದಲೇ. "ಆ ಮುಚ್ಚಳಕ್ಕೆ ತೂತು ಉಂಟಾ?"

"ಉಂಟು, ಸಣ್ಣದು."

"ಎಲ್ಲಿ ಉಂಟು?"

ಮುಚ್ಚಳ ಎತ್ತಿ ನೋಡಿದೆ. ತೂತು ಗೂಡಿನ ಅಡಿಯಲ್ಲಿತ್ತು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುದಿಲ್ಲ ಮಾರಾಯ. ಗಾಳಿ ಹೋಗ್ಲಿಕ್ಕೆ ಇನ್ನೊಂದು ಬೇಕು. ನೀನು ಮುಚ್ಚಳ ತೆಗೆದಾಗೆಲ್ಲ ಕಾರು ಎದ್ದದ್ದು ನೋಡ್ಲಿಲ್ವಾ?"

ಗೂಡು ಒಡೆಯಲು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ಕೈ ಏಳಲಿಲ್ಲ, ಸತ್ಯವಾಗಿ ಏಳಲಿಲ್ಲ. ಅವನು ನನ್ನ ಮುಖ ನೋಡಿದ. ಆ ಗೂಡಿನ ಕಥೆ ಅವನಿಗೂ ಗೊತ್ತಿತ್ತು, ನಾನೇ ಅಂಗಡಿಯಲ್ಲಿ ನಗುತ್ತಾ ಹೇಳಿದ್ದೆ.

"ಒಡೀಬೇಡ. ನಿನ್ನ ಹೆಂಡತಿಗೆ ದಿನ ತುಂಬಿದೆ," ಎಂದು ತಲೆಯ ಮುಂಡಾಸು ಬಿಚ್ಚಿ ನನ್ನ ಕಡೆ ಎಸೆದ. "ಮುಚ್ಚಳ ಹಾಕುದೇ ಬೇಡ. ಟ್ಯಾಂಕಿ ಬಾಯಿಗೆ ಇದನ್ನು ಸಡಿಲ ಕಟ್ಟು. ಬೇಗ!"

ಕಟ್ಟಿದೆ. ಆಮೇಲೆ ಕಾರು ಒಮ್ಮೆಯೂ ನಿಲ್ಲಲಿಲ್ಲ. ಮುಚ್ಚಳ ನನ್ನ ಪಕ್ಕದ ಸೀಟಿನಲ್ಲಿ ಅಲ್ಲಾಡುತ್ತಿತ್ತು, ಗೂಡಿನ ಒಂದು ಚೂರು ಮಣ್ಣೂ ಉದುರಿರಲಿಲ್ಲ. ಪುತ್ತೂರಿನ ಪೇಟೆ ಕಾಣುವಾಗ ಹಿಂದಿನ ಸೀಟಿನ ಸಿಳ್ಳೆ ನಿಂತಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಮೊದಲು ತಂದಿದ್ದರೆ ಮಗು ಉಳಿಯುತ್ತಿತ್ತು ಎಂದರು ಡಾಕ್ಟರು.

ಕಾರಿಗೆ ಬೇರೆ ಮುಚ್ಚಳ ಹಾಕಿಸಿ, ಹಳೆಯದನ್ನು ಮನೆಯ ಜಗಲಿಯ ಹಲಗೆಯ ಮೇಲೆ ಇಟ್ಟೆ. ಗೂಡಿನ ಮೇಲೆ ಗಂಡನಿಗೆ ಎಷ್ಟು ಕಾಳಜಿ ಎಂದು ನಿನ್ನ ಅಮ್ಮ ನೆರೆಮನೆಯವರಿಗೆಲ್ಲ ಹೇಳಿಕೊಂಡಳು. ಕಾರು ನಿಂತದ್ದು ಆ ಗೂಡಿನಿಂದ ಎಂದು ನಾನು ಬಾಯಿ ಬಿಡಲಿಲ್ಲ. ಅವಳು ಸಾಯುವವರೆಗೂ ಬಿಡಲಿಲ್ಲ.

ನೀನು ಹುಟ್ಟಿದ ನಾಲ್ಕನೇ ದಿನ ಬ್ಯಾರಿ ಬಂದ. ಚಾಪೆಯಲ್ಲಿ ಮಲಗಿಸಿದ್ದ ನಿನ್ನನ್ನು ನೋಡಿದ, ಹಲಗೆಯ ಮೇಲಿನ ಮುಚ್ಚಳವನ್ನೂ ನೋಡಿದ. ಗೂಡಿನಲ್ಲಿ ಎರಡು ತೂತು ಬಿದ್ದಿದ್ದವು.

"ಹುಳು ಹಾರಿ ಹೋಯ್ತಾ?" ಎಂದ.

"ಹೋಯ್ತು."

"ಆಯ್ತಲ್ಲ ಹಾಗಾದ್ರೆ," ಎಂದು ಚೀಲದಿಂದ ಒಂದು ಬಾಟಲಿ ತೆಂಗಿನೆಣ್ಣೆ ತೆಗೆದು ಜಗಲಿಯಲ್ಲಿಟ್ಟು ಹೋದ. ಕುತ್ತಿಗೆವರೆಗೆ ತುಂಬಿತ್ತು. ಮೂರು ತಿಂಗಳು ಆ ಎಣ್ಣೆ ಹಚ್ಚಿಯೇ ನಿನ್ನನ್ನು ಮೀಯಿಸಿದ್ದು ಮಗಳೇ.