ನಾಳೆ ಸಾರ್ಜೆಂಟರ ಮೇಲ್ಮನವಿ

ನಮ್ಮ ಚಿಕ್ಕಪ್ಪನನ್ನು ಬೀದಿಯವರು ‘ನಾಳೆ ಸಾರ್ಜೆಂಟ್’ ಎಂದು ಕರೆಯುತ್ತಿದ್ದರು. ಎದುರಿಗೆ ಬರೀ ‘ಸಾರ್ಜೆಂಟ್’. ‘ನಾಳೆ’ ಸೇರುತ್ತಿದ್ದುದು ಅವರು ಬೆನ್ನು ತಿರುಗಿಸಿ ಬೇಕರಿಯೊಳಗೆ ಹೋದ ಮೇಲೆ. ಚಿಕ್ಕಪ್ಪನಿಗೆ ಎರಡೂ ಗೊತ್ತಿತ್ತು. ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಕಿವಿ ಮಂದ ಮಾಡಿಕೊಳ್ಳುವುದು ಲೇಸು ಎಂದು ಸುಮ್ಮನಿರುತ್ತಿದ್ದರು.

ಅವರ ಬೇಕರಿ ಬೀದಿಯ ಕೊನೆಯಲ್ಲಿತ್ತು. ಮುಂದೆ ಗಾಜಿನ ಕಪಾಟು, ಅದರ ಹಿಂದೆ ಎತ್ತರದ ಸ್ಟೂಲಿನ ಮೇಲೆ ಚಿಕ್ಕಮ್ಮ. ಒಳಗಿನ ಕೋಣೆಯಲ್ಲಿ ಇಟ್ಟಿಗೆಯ ದೊಡ್ಡ ಒಲೆ, ಹಿಟ್ಟು ನಾದುವ ಮೇಜು, ಇಬ್ಬರು ಕೆಲಸಗಾರರು. ನಾದುವುದು, ಅಚ್ಚಿಗೆ ತುಂಬುವುದು, ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಲೆಗೆ ತಳ್ಳುವುದು ಎಲ್ಲ ಅವರದೇ. ಚಿಕ್ಕಪ್ಪನ ಕೆಲಸ ಒಂದೇ. ಉಬ್ಬಲು ಇಟ್ಟ ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಸರಿಸಿ, ತೋರುಬೆರಳಿನಿಂದ ಒಮ್ಮೆ ಒತ್ತಿ, ಬಿದ್ದ ಗುಳಿ ಹೇಗೆ ಮೇಲೇಳುತ್ತದೆ ಎಂದು ನೋಡುವುದು. ‘ಊಹ್ಞೂಂ’ ಎಂದರೆ ಇನ್ನೂ ಕಾಯಬೇಕು. ‘ಹ್ಞೂಂ’ ಎಂದರೆ ಒಲೆಗೆ. ಒಂದು ಬೆರಳು, ಒಂದು ಹ್ಞೂಂ. ಇಷ್ಟಕ್ಕೇ ಮಾಲೀಕನಾಗಬಹುದಾದರೆ ನಾನೂ ಆಗಬಹುದಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಉಳಿದ ಹೊತ್ತಿನಲ್ಲಿ ಚಿಕ್ಕಪ್ಪ ಮೀಸಲು ಪಡೆಯ ಸೈನಿಕರು. ಯುದ್ಧ ಬಂದರೆ ಕರೆಯುತ್ತಾರೆ, ಬಾರದಿದ್ದರೆ ತಿಂಗಳಿಗೊಂದು ಭಾನುವಾರ ಶಾಲೆಯ ಮೈದಾನದಲ್ಲಿ ಕವಾಯತು. ಯುದ್ಧ ಬರಲಿಲ್ಲ, ಸದ್ಯ. ತೋಳಿನ ಮೇಲೆ ಎರಡು ಪಟ್ಟಿ ಬೇಗನೇ ಬಂದವು, ಅಂದರೆ ಕಾರ್ಪೊರಲ್. ಮೂರನೆಯದು ಬಂದರೆ ಸಾರ್ಜೆಂಟ್. ಅದಕ್ಕೆ ಗುಡ್ಡದ ಮೇಲಿನ ಶಿಬಿರದಲ್ಲಿ ಒಂದು ತಿಂಗಳ ತರಬೇತಿ ಮುಗಿಸಬೇಕು, ಅದೂ ಐವತ್ತು ತುಂಬುವುದರೊಳಗೆ. ಪ್ರತಿ ವರ್ಷ ಶಿಬಿರ ಶುರುವಾಗುವ ಮೊದಲು ಚಿಕ್ಕಪ್ಪನಿಗೆ ಕಾಗದ ಬರುತ್ತಿತ್ತು: ‘ಅನಿವಾರ್ಯ ಕಾರಣದಿಂದ ತಮ್ಮ ತರಬೇತಿಯನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ.’

ಆ ಅನಿವಾರ್ಯ ಕಾರಣ ಬ್ರೆಡ್ಡು. ಇಡೀ ಶಿಬಿರಕ್ಕೆ ಬ್ರೆಡ್ಡು ಹೋಗುತ್ತಿದ್ದುದು ಚಿಕ್ಕಪ್ಪನ ಬೇಕರಿಯಿಂದ. ಪಡೆಗೆ ಸಾಮಾನು ಒದಗಿಸುವವರನ್ನು ಆ ಕೆಲಸದಿಂದ ಕದಲಿಸಬಾರದು ಎಂದು ಯಾವುದೋ ನಿಯಮವಿತ್ತಂತೆ. ಅಂದರೆ, ಶಿಬಿರ ನಡೆಯಬೇಕಾದರೆ ಚಿಕ್ಕಪ್ಪ ಶಿಬಿರಕ್ಕೆ ಹೋಗಬಾರದು. ಅವರು ಬೇಯಿಸಿದ ಬ್ರೆಡ್ಡು ತಿಂದು ಕಂಡವರೆಲ್ಲ ಸಾರ್ಜೆಂಟರಾಗಿ ಇಳಿದು ಬರುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತು ಕಟ್ಟಿಕೊಟ್ಟವರೂ ಚಿಕ್ಕಪ್ಪನೇ.

ಗಾಯದ ಮೇಲೆ ಬರೆ ಎಂಬಂತೆ, ಆ ಕಾಗದ ತಂದುಕೊಡುತ್ತಿದ್ದ ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಕೂಡ ಮೀಸಲು ಪಡೆಯವನೇ. ಚಿಕ್ಕಪ್ಪನ ನಂತರ ಸೇರಿದವನು. ಯಾವಾಗಲೋ ಸಾರ್ಜೆಂಟಾಗಿ ಈಗ ಶಿಬಿರದಲ್ಲಿ ತರಬೇತಿ ಕೊಡುವಷ್ಟು ಬೆಳೆದಿದ್ದ. ವಾರವಿಡೀ ಕಪಾಟಿನ ಮುಂದೆ ನಿಂತು ‘ಎರಡು ಬನ್ನು ಕೊಡಿ ಸಾರ್’ ಎನ್ನುವವನು ಭಾನುವಾರ ಮೈದಾನದಲ್ಲಿ ‘ಏಯ್ ಕಾರ್ಪೊರಲ್, ಹೊಟ್ಟೆ ಒಳಗೆ!’ ಎಂದು ಕೂಗುತ್ತಿದ್ದ. ಸೋಮವಾರ ಮತ್ತೆ ಎರಡು ಬನ್ನು.

“ಇವನ ಹೊಟ್ಟೆಗೆ ಹಾಕಿದ್ದು ನಾನು, ನನ್ನ ಹೊಟ್ಟೆ ಬಗ್ಗೆ ಮಾತಾಡ್ತಾನೆ,” ಎಂದು ಚಿಕ್ಕಪ್ಪ ಒಳಗೆ ಬಂದು ಹಲ್ಲು ಕಡಿಯುತ್ತಿದ್ದರು.

ಐವತ್ತು ತುಂಬಲು ಒಂದೇ ವರ್ಷ ಉಳಿದಾಗ ಮತ್ತದೇ ಕಾಗದ ಬಂತು. ಈ ಸಲ ಚಿಕ್ಕಪ್ಪ ಅದನ್ನು ಹರಿಯಲಿಲ್ಲ, ಬೈಯಲೂ ಇಲ್ಲ. ಸೀದಾ ನಮ್ಮ ಮನೆಗೆ ಬಂದು ನನ್ನ ಮುಂದೆ ಕೂತರು. ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಯವರ ಪಾಲಿಗೆ ನಾನು ಮುಕ್ಕಾಲು ವಕೀಲೆ.

“ಪುಟ್ಟೀ, ಒಂದು ಮೇಲ್ಮನವಿ ಬರಿ. ಗಟ್ಟಿಯಾಗಿ ಬರಿ.”

“ಹೋಗ್ಲಿ ಬಿಡಿ ಚಿಕ್ಕಪ್ಪ. ಒಂದು ಪಟ್ಟಿ ಇದ್ರೇನು, ಬಿಟ್ರೇನು?”

ಅವರು ತಮ್ಮ ಅಂಗೈ ನೋಡಿಕೊಂಡರು. “ನಿಂಗೆ ಹಾಗನ್ಸುತ್ತೆ. ಬ್ರೆಡ್ಡು ದಿನಾ ಸಂಜೆಗೆ ಖಾಲಿಯಾಗುತ್ತಮ್ಮ. ಇಷ್ಟು ವರ್ಷ ಮಾಡಿದ್ದೀನಿ, ಒಂದಾದ್ರೂ ಉಳಿದಿದೆಯಾ? ಒಂದು ಪಟ್ಟಿ ಆದ್ರೂ ಉಳೀಲಿ.”

ಅಂದೇ ಟೈಪು ಮಾಡಿದೆ.

ಮೇಲ್ಮನವಿ ಮಂಡಳಿ ಕೂತಿದ್ದು ಊರ ಹಳೆಯ ಸರ್ಕಾರಿ ಕಟ್ಟಡದ ಎರಡನೆಯ ಮಹಡಿಯಲ್ಲಿ. ಅಲ್ಲಾಡುವ ಬೆಂಚು, ಗಾಳಿಗಿಂತ ಸದ್ದೇ ಹೆಚ್ಚು ಬೀಸುವ ಫ್ಯಾನು. ಮಂಡಳಿಯ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಎದುರು ಪಕ್ಷವಾಗಿ ಬಂದಿದ್ದವರು ಶಿಬಿರದ ಮೇಜರ್. ನಾನು, ಚಿಕ್ಕಪ್ಪ, ಚಿಕ್ಕಮ್ಮ ಒಂದೇ ಬೆಂಚಿನ ಮೇಲೆ. ಚಿಕ್ಕಮ್ಮ ಅಂಗಡಿ ಮುಚ್ಚಿ ಬಂದಿದ್ದಳು. ಅಲ್ಲಿಯವರೆಗೆ ಅವಳು ಹಾಗೆ ಅಂಗಡಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಮೇಜರ್ ಬೈಯುತ್ತಾರೆ, ದೂರುತ್ತಾರೆ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆ ಮನುಷ್ಯ ಹೊಗಳತೊಡಗಿದರು.

“ಮೇಡಂ, ಇಂಥ ಬ್ರೆಡ್ಡು ಸುತ್ತ ಎಲ್ಲೂ ಸಿಗೋದಿಲ್ಲ. ಹೊರಗೆ ಗರಿಗರಿ, ಒಳಗೆ ಹತ್ತಿ. ಇವರ ಬ್ರೆಡ್ಡಿಲ್ಲದೆ ನಮ್ಮ ಶಿಬಿರವೇ ಇಲ್ಲ. ಇವರನ್ನ ಶಿಬಿರಕ್ಕೆ ಕರೆಸಿಕೊಂಡು ನನ್ನ ಹುಡುಗರನ್ನ ಉಪವಾಸ ಕೆಡವಲಾ?”

ಚಿಕ್ಕಪ್ಪನ ಮುಖ ನೋಡಿದೆ. ಹೊಗಳಿಕೆಗೆ ಅದೂ ಹಿಟ್ಟಿನಂತೆ ಉಬ್ಬುತ್ತಿತ್ತು. ಮೊಣಕೈಯಿಂದ ತಿವಿದೆ, ಇಳಿಯಲಿಲ್ಲ.

ಅಧ್ಯಕ್ಷೆ ಕೇಳಿದರು: “ಒಂದೇ ಪ್ರಶ್ನೆ. ಒಂದು ತಿಂಗಳು ನೀವಿಲ್ಲದೆ ನಿಮ್ಮ ಬೇಕರಿ ನಡೆಯುತ್ತಾ?”

ನಡೆಯುತ್ತೆ ಎಂದರೆ ಗೆದ್ದಂತೆ. ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಮನೆಯಲ್ಲಿ ಅವರನ್ನು ಕೂರಿಸಿ ಗಿಳಿಗೆ ಹೇಳಿದಂತೆ ಹೇಳಿಕೊಟ್ಟಿದ್ದೆ. ಚಿಕ್ಕಪ್ಪ ಎದ್ದು ನಿಂತು, ಎದೆ ಮುಂದೆ ಮಾಡಿ, ಮೇಜರರ ಕಡೆ ಒಮ್ಮೆ ನೋಡಿ ನಕ್ಕು, “ಅದ್ಹೇಗೆ ನಡೆಯುತ್ತೆ ಮೇಡಂ?” ಎಂದುಬಿಟ್ಟರು.

ಮೇಜರ್ ಕುರ್ಚಿಗೆ ಒರಗಿಕೊಂಡರು. ಅಧ್ಯಕ್ಷೆ ಪೆನ್ನು ಎತ್ತಿಕೊಂಡರು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಆಗ ಚಿಕ್ಕಮ್ಮ ಎದ್ದಳು.

“ಮೇಡಂ, ನಾನೊಂದು ಮಾತು ಹೇಳಬಹುದಾ? ನಾನು ಇವರ ಹೆಂಡ್ತಿ. ಇವರು ಹೇಳ್ತಿರೋದು ಸುಳ್ಳು.”

ಅಧ್ಯಕ್ಷೆ ಎತ್ತಿದ ಪೆನ್ನು ಕೆಳಗಿಟ್ಟರು.

“ಬೇಕರಿಲಿ ಇವರದ್ದು ಕೆಲಸಾನೇ ಇಲ್ಲ. ನಾದೋದು ಬೇರೆಯವರು, ಬೇಯಿಸೋದು ಬೇರೆಯವರು, ವ್ಯಾಪಾರ ನಂದು. ಇವರು ಬಂದು ಹಿಟ್ಟಿಗೆ ಬೆರಳು ಒತ್ತಿ ಹ್ಞೂಂ ಅಂತಾರೆ, ಅಷ್ಟೇ. ಆ ಹ್ಞೂಂ ಇಲ್ದಿದ್ರೂ ಹಿಟ್ಟು ಉಬ್ಬುತ್ತೆ. ಒಂದು ತಿಂಗಳಲ್ಲ, ಒಂದು ವರ್ಷ ಕರ್ಕೊಂಡು ಹೋಗಿ. ಅಂಗಡೀಲಿ ಜಾಗ ಆಗುತ್ತೆ.”

ಅಧ್ಯಕ್ಷೆಗೆ ನಗು ತಡೆಯಲಾಗಲಿಲ್ಲ. ಮೇಜರ್ ನಗಲಿಲ್ಲ. ಎದ್ದು, “ಹಾಗಾದರೆ ಒಂದು ಷರತ್ತು. ಶಿಬಿರದ ಊಟದ ಮನೆಯಿಂದ ಬ್ರೆಡ್ಡಿನ ಮೇಲೆ ಒಂದು ದೂರು ಬಂದರೂ ಇವರನ್ನ ವಾಪಸ್ ಕಳಿಸ್ತೀನಿ,” ಎಂದರು. ಮಂಡಳಿ ಒಪ್ಪಿತು. ‘ಮೇಲ್ಮನವಿದಾರರು ತಮ್ಮ ಉದ್ಯೋಗಸ್ಥಳದಲ್ಲಿ ಅನಿವಾರ್ಯರಲ್ಲ ಎಂಬುದು ಸಾಬೀತಾಗಿರುವುದರಿಂದ’ ಅವರನ್ನು ಕೂಡಲೇ ತರಬೇತಿಗೆ ಕರೆಯತಕ್ಕದ್ದು ಎಂದು ಆದೇಶವಾಯಿತು.

ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಚಿಕ್ಕಪ್ಪ ಮಾರು ಗೆದ್ದಿದ್ದು ಮನೆಯಲ್ಲಿ ಸೋತು. ಬೀದಿಗೆ ಬಂದ ಮೇಲೆ ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, “ನಿಜಾನಾ ಪುಟ್ಟೀ? ಆ ಹ್ಞೂಂ ಇಲ್ದಿದ್ರೂ ಉಬ್ಬುತ್ತಾ?” ಎಂದರು. ಒಮ್ಮೆಯೂ ಪರೀಕ್ಷಿಸಿ ನೋಡಿರದ ಮನುಷ್ಯನಿಗೆ ನಾನೇನು ಹೇಳಲಿ? ಪಾಪ ಅನ್ನಿಸಿತು. ಗೆದ್ದ ಮನುಷ್ಯನನ್ನು ನೋಡಿ ಪಾಪ ಅನ್ನಿಸಿದ್ದು ಅದೇ ಮೊದಲು.

ಶಿಬಿರಕ್ಕೆ ಹೊರಡುವವರೆಗೂ ಚಿಕ್ಕಪ್ಪ ಬೆರಳು ಒತ್ತುತ್ತಿದ್ದರು, ಆದರೆ ಹ್ಞೂಂ ಎನ್ನುತ್ತಿರಲಿಲ್ಲ, ತಲೆ ಮಾತ್ರ ಆಡಿಸುತ್ತಿದ್ದರು. ಅದು ಹೌದೋ ಅಲ್ಲವೋ ತಿಳಿಯದೆ ಕೆಲಸಗಾರರು ಬಟ್ಟೆ ಹಿಡಿದುಕೊಂಡೇ ನಿಂತಿರುತ್ತಿದ್ದರು. ಚಿಕ್ಕಮ್ಮ ಹೊಸ ಬನಿಯನ್ನು, ಕಾಲುಚೀಲ ಎಲ್ಲ ಮಡಿಸಿ ಪೆಟ್ಟಿಗೆಗೆ ಇಟ್ಟಳು. ಅವರು ‘ಹೋಗಿ ಬರ್ತೀನಿ’ ಎಂದದ್ದು ಒಲೆಗೆ.

ಮುಂದಿನದು ಪೋಸ್ಟ್‌ಮ್ಯಾನ್ ಹೇಳಿದ್ದು. ಶಿಬಿರದಲ್ಲಿ ಚಿಕ್ಕಪ್ಪನ ತಂಡಕ್ಕೆ ಅವನೇ ಗುರು.

ಓಟದಲ್ಲಿ ಚಿಕ್ಕಪ್ಪ ಕೊನೆಯವರಾದರೂ ಬೀಳಲಿಲ್ಲವಂತೆ. ಕುತ್ತು ಬಂದಿದ್ದು ದನಿಯಿಂದ. ಸಾರ್ಜೆಂಟಾಗುವವನು ಆಜ್ಞೆ ಕೊಟ್ಟರೆ ಮೈದಾನದ ಆ ತುದಿಗೆ ಕೇಳಬೇಕು. ಇವರು ‘ಎಡಕ್ಕೆ ತಿರುಗು’ ಎಂದರೆ ‘ಚಿಲ್ಲರೆ ಇಲ್ಲ, ಇನ್ನೊಂದು ಬನ್ನು ತಗೊಳ್ಳಿ’ ಎಂದ ಹಾಗಿರುತ್ತಿತ್ತು. “ಮೂರು ಸಲ ನಪಾಸು ಮಾಡಿದೆ ಕಣಮ್ಮ. ನಂಗೂ ಬೇಜಾರೇ. ಆದ್ರೆ ಕೇಳಿಸ್ಬೇಕಲ್ಲ?”

ಇನ್ನು ಬ್ರೆಡ್ಡು. ಮೊದಲ ಕೆಲವು ದಿನ ಹೇಗೋ ನಡೆಯಿತು. ಆಮೇಲೆ ಸೆಕೆ ಏರಿತು. ಹಿಟ್ಟಿಗೆ ಗಡಿಯಾರ ಗೊತ್ತಿಲ್ಲ, ಸೆಕೆಯಲ್ಲಿ ಬೇಗ ಉಬ್ಬುತ್ತದೆ. ಕೆಲಸಗಾರರು ಗಡಿಯಾರ ನೋಡಿ ಕಾದರು. ಆ ದಿನ ಬುಟ್ಟಿಗಳಲ್ಲಿ ಬಂದಿದ್ದು ಮೇಲೆ ಕುಸಿದ, ಹುಳಿ ನಾತದ, ಹೊಟ್ಟೆಯೊಳಗೆ ಅಂಟು ಅಂಟಾದ ಪದಾರ್ಥ. ಒಬ್ಬ ಅದನ್ನು ಗೋಡೆಗೆ ಎಸೆದನಂತೆ, ಅದು ಅಲ್ಲೇ ಕಚ್ಚಿಕೊಂಡಿತಂತೆ. ಪೋಸ್ಟ್‌ಮ್ಯಾನ್ ಮಾತಿನಲ್ಲಿ ಅರ್ಧ ಕಳೆಯಬೇಕು. ಅಂಟಿದ್ದಂತೂ ನಿಜ.

ಚಿಕ್ಕಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ನಾಯಿಯೂ ಮೂಸದ ಆ ತುಂಡು ಬಾಯಲ್ಲಿಟ್ಟುಕೊಂಡು ಅವರು ಸುಮ್ಮನೆ ನಗತೊಡಗಿದರಂತೆ, ಕಣ್ಣಲ್ಲಿ ನೀರು ಬರುವಷ್ಟು. “ಗಂಟಲಿಗೆ ಸಿಕ್ಕಿಕೊಂಡ್ತೇನೋ ಅಂದ್ಕೊಂಡೆ,” ಎಂದ ಪೋಸ್ಟ್‌ಮ್ಯಾನ್. ನನಗೆ ಗೊತ್ತು, ಸಿಕ್ಕಿಕೊಂಡಿದ್ದು ಆ ಹ್ಞೂಂ.

ಶಿಬಿರದಲ್ಲೊಂದು ಪದ್ಧತಿ. ದಿನಕ್ಕೊಬ್ಬ ಅಭ್ಯರ್ಥಿ ಊಟದ ಮನೆಯ ಮುಖ್ಯಸ್ಥ. ಊಟದ ನಡುವೆ ಮೇಜರ್ ಬಂದು ‘ದೂರು ಇದೆಯಾ?’ ಎಂದು ಕೇಳುತ್ತಾರೆ. ಮುಖ್ಯಸ್ಥನೊಬ್ಬನೇ ಎದ್ದು ಉತ್ತರಿಸಬೇಕು. ಉಳಿದವರು ಬಾಯಿ ಬಿಡುವಂತಿಲ್ಲ. ಅಂದಿನ ಮುಖ್ಯಸ್ಥರು ಚಿಕ್ಕಪ್ಪ.

ಮೇಜರ್ ಬಂದರು. ಗೋಡೆ ನೋಡಿದರು, ತಟ್ಟೆಗಳನ್ನು ನೋಡಿದರು, ಮುಗುಳ್ನಕ್ಕರು. ಒಂದು ದೂರು ಸಾಕು. ಚಿಕ್ಕಪ್ಪ ವಾಪಸ್, ಬ್ರೆಡ್ಡು ಮತ್ತೆ ಹತ್ತಿ. ಮೇಜುಗಳ ತುಂಬ ಕೂತವರು ಹಸಿದ ಕಣ್ಣಲ್ಲಿ ಚಿಕ್ಕಪ್ಪನನ್ನೇ ನೋಡುತ್ತಿದ್ದರು.

“ದೂರು ಇದೆಯಾ?”

“ದೂರಿಲ್ಲ ಸರ್!”

ಕಿಟಕಿ ಅದುರಿತಂತೆ. ಅಡುಗೆಯವನ ಕೈಯಿಂದ ಸೌಟು ಬಿತ್ತಂತೆ. ಇಷ್ಟು ವರ್ಷ ಆ ಎದೆಯೊಳಗೆ ಆ ದನಿ ಎಲ್ಲಿ ಕೂತಿತ್ತೋ. ಮೇಜರ್ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಕಿಟಕಿ ಅದುರಿತು. ಅವರು ಹೋದ ಮೇಲೆ ಚಿಕ್ಕಪ್ಪ ಸಭೆಯ ಕಡೆ ತಿರುಗಿ, ಅದೇ ದನಿಯಲ್ಲಿ “ತಿನ್ನಿ!” ಎಂದರು. ಎಲ್ಲರೂ ತಿಂದರು. ಮೊದಲು ತಿಂದು ಮುಗಿಸಿ ಇನ್ನೊಂದು ಕೇಳಿ ಹಾಕಿಸಿಕೊಂಡವರು ಚಿಕ್ಕಪ್ಪ.

“ಅಲ್ಲೇ ಪಾಸು ಮಾಡ್ದೆ,” ಎಂದ ಪೋಸ್ಟ್‌ಮ್ಯಾನ್. “ದನಿ ಅಂದ್ರೆ ಅದು. ಹೇಳಿದ್ದು ಅಪ್ಪಟ ಸುಳ್ಳು, ಅದು ಬೇರೆ ವಿಷ್ಯ.”

ಮೂರನೆಯ ಪಟ್ಟಿಯ ಜೊತೆ ಚಿಕ್ಕಪ್ಪ ಮನೆಗೆ ಬಂದ ದಿನ ನಾನು ಬೇಕರಿಯಲ್ಲೇ ಇದ್ದೆ. ಚಿಕ್ಕಮ್ಮ ಸ್ಟೂಲಿನಿಂದ ಇಳಿಯಲಿಲ್ಲ. ಕಪಾಟಿನ ಗಾಜು ಒರೆಸುತ್ತ, ತಲೆ ಎತ್ತದೆ ಕೇಳಿದಳು: “ಬ್ರೆಡ್ಡು ಹೇಗಿತ್ರೀ ಅಲ್ಲಿ?”

“ಚೆನ್ನಾಗಿತ್ತು.”

“ಸುಳ್ಳು ಹೇಳ್ಬೇಡಿ. ಇಲ್ಲಿ ಬೀದಿ ನಾಯಿ ಕೂಡ ತಿನ್ಲಿಲ್ಲ.” ಒರೆಸುತ್ತಿದ್ದ ಕೈ ನಿಂತಿತು. “ಆ ಹ್ಞೂಂ ಇಲ್ದೆ ಏನೂ ಆಗಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ? ಅದನ್ನ ಅಲ್ಲಿ ಹೇಳಿದ್ರೆ ನಿಮ್ಮ ಪಟ್ಟಿ ಬರ್ತಿತ್ತಾ?”

ಚಿಕ್ಕಪ್ಪ ಸಮವಸ್ತ್ರದಲ್ಲೇ ಒಳಗೆ ಹೋಗಿ, ಒದ್ದೆ ಬಟ್ಟೆ ಸರಿಸಿ ಬೆರಳು ಒತ್ತಿದರು. “ಹ್ಞೂಂ” ಎಂದದ್ದು ಬೀದಿಯವರೆಗೆ ಕೇಳಿಸಿತು.

ಬೀದಿಯವರು ಈಗ ಬೆನ್ನ ಹಿಂದೆಯೂ ‘ಸಾರ್ಜೆಂಟ್’ ಎಂದೇ ಕರೆಯುತ್ತಾರೆ. ಮರುವರ್ಷ ಶಿಬಿರ ಶುರುವಾಗುವ ಮೊದಲು ಪೋಸ್ಟ್‌ಮ್ಯಾನ್ ಒಂದು ಕಾಗದ ತಂದ. ಸಾರ್ಜೆಂಟಾದವರು ಶಿಬಿರದಲ್ಲಿ ಹೊಸಬರಿಗೆ ಕಲಿಸಬೇಕೆಂಬುದು ನಿಯಮ. ಚಿಕ್ಕಪ್ಪನಿಗೆ ಮಾತ್ರ ಅನಿವಾರ್ಯ ಕಾರಣದಿಂದ ವಿನಾಯಿತಿ. ಕೆಳಗೆ ಮೇಜರ್ ಸ್ವಂತ ಕೈಯಲ್ಲಿ ಬರೆದಿದ್ದರು: ‘ದಯವಿಟ್ಟು ಬ್ರೆಡ್ಡು ಮಾತ್ರ ಕಳಿಸಿ.’

“ಮೇಲ್ಮನವಿ ಹಾಕ್ತೀರಾ ಸಾರ್ಜೆಂಟ್?” ಎಂದು ಪೋಸ್ಟ್‌ಮ್ಯಾನ್ ಬನ್ನು ಕಚ್ಚುತ್ತ ಕೆಣಕಿದ.

“ಹಾಕ್ಲಿ, ಹಾಕ್ಲಿ,” ಎಂದಳು ಚಿಕ್ಕಮ್ಮ. “ನಾನು ಬಂದು ಮತ್ತೆ ಸಾಕ್ಷಿ ಹೇಳ್ತೀನಿ.”

ಒಳಗಿನ ಕೋಣೆಯಲ್ಲಿ ಚಿಕ್ಕಪ್ಪನ ಬೆರಳು ಹಿಟ್ಟಿನಲ್ಲಿತ್ತು. ಅವರು ತಲೆ ಎತ್ತದೆ, ಕಪಾಟಿನ ಗಾಜು ಅದುರುವ ಹಾಗೆ ಹೇಳಿದರು:

“ದೂರಿಲ್ಲ!”