ಯಾರ ತಾಳಕ್ಕೆ ಯಾರು

ಏಳನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ಲಿನ ತಗ್ಗು ತೋಡಲು ಸೇರಿ, ತೊಂಬತ್ತರ ದಶಕದ ನಡುವಿಗೆ ಮೆಕ್ಯಾನಿಕ್ ಆಗಿದ್ದೆ. ಯಾರ ಶಿಫಾರಸಿನಿಂದಲೂ ಅಲ್ಲ, ಕೈಕೆಲಸದಿಂದ. ಆಗ ಅಥಣಿಯಿಂದ ಚಿಕ್ಕೋಡಿಗೆ ಬ್ಯಾಂಕಿನ ಕಂಪ್ಯೂಟರಿಗೆಂದು ಹೊಸ ಲೈನು ಹಾಕಿದ್ದೆವು. ಒಂದು ಹಗಲು, ಒಂದು ರಾತ್ರಿ ತಪ್ಪಿಲ್ಲದೆ ನಡೆದರೆ ಪಾಸು. ನಡುವೆ ಕೆಟ್ಟರೆ ಮತ್ತೆ ಮೊದಲಿನಿಂದ.

ಎರಡೂ ಊರಿನಲ್ಲಿ ಒಂದೊಂದು ಟೆಸ್ಟರ್ ಮಷೀನು ಇಟ್ಟಿದ್ದೆವು; ಅಥಣಿಯ ತುದಿಗೆ ನಾನಿದ್ದೆ. ಒಂದು ಕಳಿಸಿದ ಅಂಕಿಗಳ ಸಾಲನ್ನು ಇನ್ನೊಂದು ತಾಳೆ ನೋಡಿ ತಪ್ಪು ಎಣಿಸುತ್ತದೆ. ಆದರೆ ಒಂದು ಮಷೀನು ತಾಳ ಹಾಕಬೇಕು, ಅದಕ್ಕೆ ನಾವು ಕ್ಲಾಕು ಅನ್ನುತ್ತೇವೆ; ಇನ್ನೊಂದು ಮಷೀನು ಲೈನಿನಲ್ಲಿ ಬಂದ ಆ ತಾಳವನ್ನೇ ಹಿಡಿಯಬೇಕು. ಎರಡೂ ತಮ್ಮತಮ್ಮ ತಾಳವನ್ನೇ ಹಾಕುತ್ತ ಹೋದರೆ ಸ್ವಲ್ಪ ಹೊತ್ತು ಸರಿಯಿದ್ದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಜಾರಿ ಕೆಂಪು ದೀಪ ಹತ್ತುತ್ತದೆ. ನಮ್ಮದು ಹಿಂದಿನ ದಿನದಿಂದ ಹಾಗೇ ಹತ್ತುತ್ತಿತ್ತು. ಮರುದಿನ ಮುಂಜಾನೆ, ಚಿಕ್ಕೋಡಿಯ ಆಚೆ ಅಕ್ಕೋಳದ ನಮ್ಮ ಮನೆಗೆ ನನ್ನ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು.

ಚಿಕ್ಕೋಡಿಯ ತುದಿಗಿದ್ದವನು ನನ್ನ ಜೊತೆಗೇ ತಗ್ಗು ತೋಡಿದವನು. ಫೋನಿನಲ್ಲಿ ಮತ್ತೆ ಅಂದೆ:

"ಲೇ, ನಿನ್ನ ಮಷೀನು ಲೈನಿನ ಕ್ಲಾಕಿಗೆ ಹಾಕು. ನಾ ಕೊಡ್ತೀನಿ, ನೀ ತಗೋ."

"ಯಾಕ? ಚಿಕ್ಕೋಡಿ ಅಥಣಿ ಹಿಂದ ನಡೀಬೇಕೇನು? ಅಲ್ಲಿ ದ್ರಾಕ್ಷಿ ತಿಂದು ಸೊಕ್ಕ ಬಂದೈತಿ ನಿನಗ. ನೀನ ತಗೋ."

"ಸಾಹೇಬ್ರು ಏನಂದಾರ?"

"ಯಾರರೆ ಒಬ್ರು ತಗೋರಿ ಅಂದಾರ. ಯಾರು ಅಂತ ಅಂದಿಲ್ಲ."

ಬೆಂಚಿನ ಮೇಲೆ ಮಲಗಿ ಬೆನ್ನು ಹಿಡಿದಿತ್ತು. ಕೆಲಸದಲ್ಲಿ ನಾನು ಅವನಿಗಿಂತ ಕಡಿಮೆಯಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ವಾದಿಸಲು ತ್ರಾಣ ಉಳಿದಿರಲಿಲ್ಲ. ನನ್ನ ಮಷೀನನ್ನೇ ಲೈನಿನ ಕ್ಲಾಕಿಗೆ ಹಾಕಿದೆ. ಕೆಂಪು ಆರಿತು. ಎಣಿಕೆ ಅಳಿಸಿ ಹೊಸದಾಗಿ ಶುರು ಮಾಡುವಾಗ ಸಂಜೆಯಾಗಿತ್ತು. ಅಂದರೆ ಮರುದಿನ ಸಂಜೆಯವರೆಗೂ ನಾನು ಅಲ್ಲೇ. ಕರೆಂಟು ಹೋದರೆ ನೋಡಲು ಒಬ್ಬರು ಇರಲೇಬೇಕು, ಬೇರೆ ಯಾರೂ ಇರಲಿಲ್ಲ.

ಮನೆಯ ವಿಷಯ ಆಮೇಲೆ ಮಾತಿನ ನಡುವೆ ಬಾಯಿಂದ ಬಂತು.

"ಮೊದಲ ಹೇಳಾಕ ಏನಾಗಿತ್ತಲೇ ನಿನಗ? ನಿನ್ನೇನ ನಾ ತಗೋತಿದ್ನಿ," ಎಂದ ಅವನು, ಸಿಟ್ಟಿನಿಂದಲೇ.

ಕೆಲಸದ ಮಾತಿಗೆ ಮನೆಯ ಮಾತು ತಂದು ಬೇಡುವುದು ನನಗೆ ಬರುವುದಿಲ್ಲ.

ಮರುದಿನ ಮಧ್ಯಾಹ್ನ ಹೆಂಡತಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು.

"ಅವರಿಗೆ ಒಪ್ಪಿಗಿ ಆಗೇತ್ರಿ. ನಿಮ್ಮ ಅಣ್ಣಾರ ಕುಂತು ಎಲ್ಲಾ ಮಾತಾಡಿದ್ರು."

"ಹುಡುಗಿ ಏನಂತಾಳ?"

"ಬಾಯಿನ ಬಿಡವಲ್ಲಳು. ಅಪ್ಪ ಬರಲಿ, ಅಪ್ಪನ ಮುಂದ ಹೇಳ್ತೀನಿ ಅಂತಾಳ. ಅವ್ರಿಗೆ ಏನ್ ಹೇಳಿ ಕಳಿಸೂಣು?"

"ನಾ ಬರೂತನಕ ಏನೂ ಹೇಳಬ್ಯಾಡ್ರಿ. ಕಾಯಲಿ."

ಸಂಜೆ ಲೈನು ಪಾಸಾಯಿತು. ಊರಿಗೆ ಹೋಗುವ ನಿಪ್ಪಾಣಿ ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಮಗಳನ್ನು ಹೇಗೆ ಕೇಳಬೇಕು, ಬೇಡವೆಂದರೆ ಅಣ್ಣನ ಮುಂದೆ ಏನು ಹೇಳಬೇಕು ಎಂದು ದಾರಿಯಲ್ಲಿ ವಿಚಾರ ಮಾಡೋಣವೆಂದುಕೊಂಡಿದ್ದೆ. ಚಿಕ್ಕೋಡಿ ಬಂದದ್ದೂ ತಿಳಿಯದ ಹಾಗೆ ನಿದ್ದೆ ಹತ್ತಿತ್ತು.